ಕೆಮ್ಮು–ನೆಗಡಿಗೆ ಆಂಟಿಬಯೋಟಿಕ್ ಬೇಕಾ? ಕೊರೊನಾ ಕಲಿಸಿದ ಪಾಠ ಇಲ್ಲಿದೆ

'ಜ್ವರ, ಕೆಮ್ಮು ಇದೆ. ಮೂರು ದಿನದ ಅಜಿಥ್ರೋಮೈಸಿನ್ ಕೊಡಿ.' ಕೊರೊನಾ ಕಾಲದಲ್ಲಿ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯವಾಗಿದ್ದ ಈ ಮಾತು ಇವತ್ತಿಗೂ ನಿಂತಿಲ್ಲ. ಆದರೆ ಆ ಮಾತ್ರೆ ಆಗಲೂ ಬಹುತೇಕರಿಗೆ ಬೇಕಿರಲಿಲ್ಲ.

ಆಗ ಆಗಿದ್ದೇನು?
ಆಂಟಿಬಯೋಟಿಕ್ ಕೆಲಸ ಮಾಡೋದು ಬ್ಯಾಕ್ಟೀರಿಯಾ ಮೇಲೆ. ಕೊರೊನಾ, ಫ್ಲೂ, ನೆಗಡಿ ಬರೋದು ವೈರಸ್‌ನಿಂದ. ಆದರೂ 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರತದಲ್ಲಿ ದೊಡ್ಡವರಿಗೆ ಸುಮಾರು 21.6 ಕೋಟಿ ಡೋಸ್ ಆಂಟಿಬಯೋಟಿಕ್ ಹೆಚ್ಚುವರಿಯಾಗಿ ಮಾರಾಟವಾಗಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಅಜಿಥ್ರೋಮೈಸಿನ್ ಒಂದೇ 3.8 ಕೋಟಿ ಡೋಸ್ ಹೆಚ್ಚು.

ಮನೆಯಲ್ಲೇ ಇದ್ದ ಸೋಂಕಿತರ ಮೇಲೆ ಬ್ರಿಟನ್‌ನಲ್ಲಿ ನಡೆದ 'ಪ್ರಿನ್ಸಿಪಲ್' ಪ್ರಯೋಗದಲ್ಲಿ ಈ ಮಾತ್ರೆಯಿಂದ ಬೇಗ ಗುಣವಾಗಲೂ ಇಲ್ಲ, ಆಸ್ಪತ್ರೆ ಸೇರೋದೂ ತಪ್ಪಲಿಲ್ಲ. ನಮ್ಮ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೂ 2021ರಲ್ಲಿ ಸೌಮ್ಯ ಲಕ್ಷಣದವರ ಚಿಕಿತ್ಸಾ ಪಟ್ಟಿಯಿಂದ ಅದನ್ನು ಕೈಬಿಟ್ಟಿತು.

ತಗೊಂಡರೆ ನಷ್ಟ ಏನು?
ಟೈಫಾಯ್ಡ್‌ಗೆ ಕೊಡುವ ಮುಖ್ಯ ಮಾತ್ರೆಗಳಲ್ಲಿ ಅಜಿಥ್ರೋಮೈಸಿನ್ ಕೂಡ ಒಂದು. ನೆಗಡಿಗೆಲ್ಲ ನುಂಗುತ್ತಾ ಹೋದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಆಮೇಲೆ ನಿಜವಾಗಿ ಬೇಕಾದಾಗ ಮಾತ್ರೆ ನಾಟೋದಿಲ್ಲ. ಹೊಟ್ಟೆ ಕೆಡಬಹುದು, ಹೃದಯದ ತೊಂದರೆ ಇರುವ ಕೆಲವರಲ್ಲಿ ಬಡಿತವೂ ಏರುಪೇರಾಗಬಹುದು.

ಡಾಕ್ಟರ್ ಹತ್ತಿರ ಯಾವಾಗ?
ಫ್ಲೂ ತರಹದ ಜ್ವರ ಸಾಮಾನ್ಯವಾಗಿ ಮೂರು ದಿನದಲ್ಲಿ ಇಳಿಯುತ್ತದೆ, ಕೆಮ್ಮು ಮೂರು ವಾರದವರೆಗೂ ಇರಬಹುದು ಎಂದು ಭಾರತೀಯ ವೈದ್ಯಕೀಯ ಸಂಘ (ಐಎಂಎ) 2023ರ ಮಾರ್ಚ್‌ನಲ್ಲಿ ಹೇಳಿತ್ತು. ಕೆಮ್ಮು ಉಳಿದಿದೆ ಅಂದಮಾತ್ರಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಆದರೆ ಉಸಿರಾಟಕ್ಕೆ ಕಷ್ಟ, ಎದೆನೋವು, ಕಫದಲ್ಲಿ ರಕ್ತ, ಇಳಿದ ಜ್ವರ ಮತ್ತೆ ಏರುವುದು, ಮಗು ಹಾಲು–ಊಟ ಬಿಡುವುದು ಕಂಡರೆ ತಡ ಮಾಡಬೇಡಿ. ನ್ಯುಮೋನಿಯಾ ಇದ್ದರೆ ಆಂಟಿಬಯೋಟಿಕ್ಕೇ ಜೀವ ಉಳಿಸುತ್ತದೆ.

ಮೆಡಿಕಲ್ ಶಾಪ್‌ನವರಿಗೆ
* ಅಜಿಥ್ರೋಮೈಸಿನ್ 'ಷೆಡ್ಯೂಲ್ ಎಚ್' ಔಷಧಿ. ಚೀಟಿ ಇಲ್ಲದೆ ಮಾರುವಂತಿಲ್ಲ.
* ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್ 2014ರಿಂದ 'ಎಚ್1' ಪಟ್ಟಿಯಲ್ಲಿವೆ. ವೈದ್ಯರು, ರೋಗಿ, ಔಷಧಿ, ಪ್ರಮಾಣ ಇಷ್ಟನ್ನೂ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು.

ಗಿರಾಕಿಗಳಿಗೆ
* ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೇಳಬೇಡಿ.
* 'ಡಾಕ್ಟ್ರೇ, ಇದು ಆಂಟಿಬಯೋಟಿಕ್ಕಾ? ನನಗೆ ಬೇಕೇ ಬೇಕಾ?' ಅಂತ ಕೇಳಲು ಸಂಕೋಚ ಬೇಡ.
* ಬರೆದುಕೊಟ್ಟರೆ ಹೇಳಿದಷ್ಟು ದಿನ ತಗೊಳ್ಳಿ. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡಬೇಡಿ.