ಕಲಿಯುವವನಿಗೂ ಕೂಲಿ

ಕಬ್ಬಿಣದ ಕೆಲಸವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಕುಲುಮೆಯ ಬಳಿಯ ಕಮ್ಮಾರ. ನಾನಿಲ್ಲಿ ಹೇಳಹೊರಟಿರುವುದು ಅವನ ಮಾತನ್ನಲ್ಲ. ಸೇತುವೆಗೂ ಮುಗಿಲೆತ್ತರದ ಸೌಧಕ್ಕೂ ಉಕ್ಕಿನ ತೊಲೆಗಳನ್ನೆತ್ತಿ ಜೋಡಿಸಿ, ಆ ತೊಲೆಗಳ ಮೇಲೆಯೇ ನಡೆದಾಡುವ ಉತ್ತರ ಅಮೆರಿಕದ ಕೆಲಸಗಾರರ ಮಾತನ್ನು. ಅವರು ಕಸುಬು ಕಲಿತು ಬಂದ ಚರಿತ್ರೆಯಲ್ಲಿ ನನ್ನಂಥ ಅಧ್ಯಾಪಕನು ಯೋಚಿಸಬೇಕಾದ ಪ್ರಶ್ನೆಯೊಂದಿದೆ. ಕಲಿಕೆಯ ವೆಚ್ಚವನ್ನು ಹೊರಬೇಕಾದವರು ಯಾರು?

ಹಳೆಯ ಕಾಲದ ಉತ್ತರ ಸರಳವಾಗಿತ್ತು: ಕಲಿಯುವವನೇ. ಇಂಗ್ಲೆಂಡಿನ 1563ರ ಶಾಸನದಂತೆ ಕಸುಬು ಕಲಿಯುವ ಹುಡುಗ ಏಳು ವರ್ಷ ಯಜಮಾನನ ಕೈಕೆಳಗೆ ದುಡಿಯಬೇಕಾಗಿತ್ತು. ಊಟ ವಸತಿಗಳಿದ್ದವು, ಕೂಲಿ ಸಾಮಾನ್ಯವಾಗಿ ಇರಲಿಲ್ಲ. ಎಷ್ಟೋ ವೇಳೆ ತಂದೆಯೇ ಯಜಮಾನನಿಗೆ ಹಣ ತೆರುತ್ತಿದ್ದ. ತೆರಲಾರದವನ ಮಗನಿಗೆ ಒಳ್ಳೆಯ ಕಸುಬು ಕೈಗೆಟುಕುತ್ತಿರಲಿಲ್ಲ.

ಉಕ್ಕಿನ ಸೇತುವೆಗಳ ಕಾಲದಲ್ಲಿ ಬಂಧುಬಳಗವೇ ಪಾಠಶಾಲೆಯಾಯಿತು. 1886ರಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಗೆ ರೈಲುಸೇತುವೆ ಕಟ್ಟುವಾಗ, ದಡದ ಕಾನವಾಗೆ ಎಂಬ ಊರಿನ ಮೊಹಾಕ್ ಜನ ಈ ಕೆಲಸಕ್ಕೆ ಕೈಹಾಕಿದರು. ರಿವೆಟ್ ಹೊಡೆಯುವ ತಂಡದಲ್ಲಿ ನಾಲ್ವರು. ಒಬ್ಬ ರಿವೆಟನ್ನು ಕೆಂಪಗೆ ಕಾಯಿಸಿ ಎಸೆಯುವನು. ಇನ್ನೊಬ್ಬ ಅದನ್ನು ಡಬ್ಬದಲ್ಲಿ ಹಿಡಿದು ರಂಧ್ರಕ್ಕೆ ತೂರಿಸುವನು. ಮೂರನೆಯವನು ಒಂದು ಕಡೆಯಿಂದ ಒತ್ತಿಹಿಡಿದರೆ ನಾಲ್ಕನೆಯವನು ಇನ್ನೊಂದು ಕಡೆ ಬಡಿದು ತಲೆ ಮೂಡಿಸುವನು. ಹೊಸಬನು ಅಣ್ಣನದೋ ಮಾವನದೋ ತಂಡದ ಬಳಿ ನಿಂತು ಇದನ್ನೆಲ್ಲ ಕಲಿಯಬೇಕು.

1907ರ ಆಗಸ್ಟ್ 29ರ ಸಂಜೆ, ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆ ಕುಸಿದು 75 ಮಂದಿ ಸತ್ತರು. ಅವರಲ್ಲಿ 33 ಮಂದಿ ಕಾನವಾಗೆಯವರು. ತಪ್ಪಿದ್ದುದು ಕೆಲಸಗಾರರ ಕೈಯಲ್ಲಲ್ಲ, ಎಂಜಿನಿಯರುಗಳ ಲೆಕ್ಕದಲ್ಲಿ. ಆದರೆ ಆ ಸಣ್ಣ ಊರು ಗಂಡಂದಿರನ್ನೂ ಮಕ್ಕಳನ್ನೂ ಮಾತ್ರವಲ್ಲ, ಕಸುಬಿನ ಗುರುಗಳನ್ನೂ ಒಂದೇ ಗಳಿಗೆಯಲ್ಲಿ ಕಳೆದುಕೊಂಡಿತು. ವಿದ್ಯೆಯನ್ನು ಮನೆತನವೊಂದೇ ಕಾಪಾಡಬೇಕಾದಾಗ ಒದಗುವ ಅಪಾಯವಿದು.

ಈ ಕೆಲಸಗಾರರ ಸಂಘ 1896ರಲ್ಲಿಯೇ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿತ್ತು. 1937ರಲ್ಲಿ ಅಮೆರಿಕದ ಸಂಯುಕ್ತ ಸರ್ಕಾರ ಅಪ್ರೆಂಟಿಸರ ಹಿತರಕ್ಷಣೆಗೆ ಶಾಸನ ಮಾಡಿತು. ಈಗಿನ ಏರ್ಪಾಟಿನಲ್ಲಿ ಸಂಘವೂ ಗುತ್ತಿಗೆದಾರರೂ ಕೂಡಿ ಕಲಿಕೆಯನ್ನು ನಡೆಸುತ್ತಾರೆ. ಅದರ ವೆಚ್ಚ ಕೂಲಿಯ ಒಪ್ಪಂದದಲ್ಲಿಯೇ ಅಡಕವಾಗಿದೆ. ಮೂರು ನಾಲ್ಕು ವರ್ಷ ಕೆಲಸದ ಜೊತೆಗೆ ತರಗತಿಯೂ ಉಂಟು. ನಕ್ಷೆ ಓದುವುದು, ಬೆಸುಗೆ, ಭಾರವನ್ನು ಬಿಗಿದು ಎತ್ತುವ ಕ್ರಮ ಇವೆಲ್ಲ ಪಾಠಗಳು. ಮೊದಲ ದಿನದ ಕೆಲಸಕ್ಕೇ ಕೂಲಿ. ಅದು ಪೂರ್ಣ ಕೂಲಿಯ ಒಂದು ಭಾಗ. ಕೈ ಪಳಗಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಇದು ದಾನವೆಂದು ತಿಳಿಯಬಾರದು. ಅರೆಕಲಿತವನು ಬಿಗಿದ ತೊಲೆ ಜಾರಿದರೆ ಕೆಳಗೆ ನಿಂತ ನುರಿತವನ ಪ್ರಾಣವೂ ಹೋದೀತು. ಹುಡುಗನಿಗೆ ಕೊಡುವ ಕೂಲಿ ಎಲ್ಲರ ಪ್ರಾಣದ ವಿಮೆ.

ಆದರೂ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸಂಘದ ಕೆಲವು ಶಾಖೆಗಳು ಕಪ್ಪುಜನರನ್ನು ಬಹುಕಾಲ ಹೊರಗಿಟ್ಟವು. 1964ರ ನಾಗರಿಕ ಹಕ್ಕುಗಳ ಶಾಸನದ ಆಧಾರದ ಮೇಲೆ 1970ರಲ್ಲಿ ಸಿಯಾಟಲಿನ ನ್ಯಾಯಾಲಯ ಅಂಥದೊಂದು ಶಾಖೆಯ ವಿರುದ್ಧ ತೀರ್ಪು ಕೊಟ್ಟು, ಕಲಿಕೆಯಲ್ಲಿ ಅವರಿಗೂ ಎಡೆ ಮಾಡಿಕೊಡಬೇಕೆಂದು ವಿಧಿಸಿತು. ಕೂಲಿ ಕೊಡುವುದರಿಂದಲೇ ನ್ಯಾಯ ಪೂರ್ತಿಯಾಗುವುದಿಲ್ಲ; ಯಾರನ್ನು ಒಳಗೆ ಬಿಡುತ್ತೇವೆಂಬುದೂ ಮುಖ್ಯ.

ನಮ್ಮ ದೇಶದ 1961ರ ಅಪ್ರೆಂಟಿಸ್ ಕಾಯಿದೆಯೂ ಕಲಿಯುವವನಿಗೆ ಭತ್ಯೆ ಕೊಡಬೇಕೆನ್ನುತ್ತದೆ. ಆದರೂ ಕಲಿಕೆ ಕಲಿಯುವವನ ಮನೆಯ ಖರ್ಚೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಓದು ಸಾಗಿಸಲಾರದೆ ನಡುವೆಯೇ ಕಾಲೇಜು ಬಿಟ್ಟ ಜಾಣ ಹುಡುಗರನ್ನು ನಾನು ಕಂಡಿದ್ದೇನೆ. ಕಲಿತವನಿಂದ ಊರಿಗೆಲ್ಲ ಲಾಭವಾಗುವುದಾದರೆ, ಕಲಿಸುವ ವೆಚ್ಚ ಅವನ ಮನೆಯದು ಮಾತ್ರ ಹೇಗಾದೀತು?