ಔಷಧದಾನವೂ ಹಂದಿಗೋಡಿನ ಕಾಯಿಲೆಯೂ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ಅರಿತ ಶ್ರಾವಕರಿಗೆ ಉಗ್ರಾದಿತ್ಯಾಚಾರ್ಯರ ಹೆಸರು ಹೊಸದಲ್ಲ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೂ ಚಿಕಿತ್ಸೆ ಸಾಧ್ಯವೆಂದು ಅವರು ಸಂಸ್ಕೃತದ 'ಕಲ್ಯಾಣಕಾರಕ'ದಲ್ಲಿ ಪ್ರತಿಪಾದಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ನಮ್ಮ ಪೂರ್ವಿಕರ ಔಷಧದಾನದ ಹಿಂದೆ ಇಂತಹ ಶಾಸ್ತ್ರಾಭ್ಯಾಸವಿತ್ತು. ಆದರೆ ಔಷಧವೇ ಇಲ್ಲದ ರೋಗಿಗೆ ದಾನಿಯು ಕೊಡುವುದೇನನ್ನು?

ಹೊಂಬುಜ ಕ್ಷೇತ್ರದ ಯಾತ್ರಿಕರಿಗೆ ನೆರೆಯ ಸಾಗರ ತಾಲ್ಲೂಕು ದೂರದ್ದೇನಲ್ಲ. ಆ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ೧೯೭೫ರ ಸುಮಾರಿಗೆ ಒಂದು ವಿಚಿತ್ರ ವ್ಯಾಧಿ ವೈದ್ಯರ ಗಮನಕ್ಕೆ ಬಂದಿತು. ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು, ಅಸಹನೀಯ ನೋವಿನೊಡನೆ ನಡಿಗೆಯೇ ಕುಂದುತ್ತಿತ್ತು. ಕೆಲವರಲ್ಲಿ ದೇಹದ ಬೆಳವಣಿಗೆಯೂ ಕುಂಠಿತವಾಗಿತ್ತು. ಪೀಡಿತರು ಬಹುತೇಕ ಚಲವಾದಿ, ಚನ್ನಂಗಿ ಸಮುದಾಯಗಳ ಬಡ ಕೂಲಿಕಾರರು.

ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಯನ್ನು ತಿಂದುದೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಮಾಂಸಾಹಾರವನ್ನು ತ್ಯಜಿಸಿದ ನಮ್ಮಂಥವರಿಗೆ ಈ ಊಹೆ ಬಹುಬೇಗ ರುಚಿಸುವಂಥದು, ಆದ್ದರಿಂದಲೇ ಇಲ್ಲಿ ಎಚ್ಚರ ಬೇಕು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ವಂಶಾವಳಿಗಳನ್ನು ಪರಿಶೀಲಿಸಿದಾಗ ಇದು ಆನುವಂಶಿಕ ಅಸ್ಥಿರೋಗವೆಂದು ತಿಳಿಯಿತು. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧದಷ್ಟು. ನೋವುಶಾಮಕ ಗುಳಿಗೆ, ಕೆಲವರಿಗೆ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಇವು ರೋಗದ ಮೂಲವನ್ನು ಮುಟ್ಟುವ ಚಿಕಿತ್ಸೆಗಳಲ್ಲ.

ಅಸಾತಾವೇದನೀಯ ಕರ್ಮದ ಉದಯವೆಂದು ಹೇಳಿ ಸುಮ್ಮನಾಗುವವರನ್ನು ನಾನು ಕಂಡಿದ್ದೇನೆ. ಕರ್ಮಸಿದ್ಧಾಂತವು ತನ್ನ ನೋವನ್ನು ಸಮತೆಯಿಂದ ಸಹಿಸಲು ರೋಗಿಗೆ ನೆರವಾದೀತು. ನೋಡುತ್ತ ನಿಂತವನ ಆಲಸ್ಯಕ್ಕೆ ಅದು ಆಸರೆಯಲ್ಲ. ವೈಯಾವೃತ್ಯವನ್ನು ತಪಸ್ಸಿನಲ್ಲಿ ಎಣಿಸಿದ ಧರ್ಮ ನಮ್ಮದು.

ರೋಗಿಗಳು ಕೆಲವರೇ ಆದಾಗ ಔಷಧ ಕಂಪನಿಗೆ ಲಾಭವಿಲ್ಲ. ಇದನ್ನರಿತೇ ಅಮೆರಿಕವು ೧೯೮೩ರಲ್ಲಿ 'ಅನಾಥ ಔಷಧ'ಗಳಿಗೆಂದು ಕಾನೂನು ಮಾಡಿ, ತಯಾರಕರಿಗೆ ಏಳು ವರ್ಷಗಳ ಏಕಸ್ವಾಮ್ಯವನ್ನೂ ತೆರಿಗೆ ರಿಯಾಯಿತಿಯನ್ನೂ ನೀಡಿತು. ಭಾರತದಲ್ಲಿ ವಿರಳ ರೋಗಗಳ ರಾಷ್ಟ್ರೀಯ ನೀತಿ ಬಂದುದು ೨೦೨೧ರಲ್ಲಿ. ಪಟ್ಟಿಯಲ್ಲಿರುವ ರೋಗಗಳ ಚಿಕಿತ್ಸೆಗೆ ೫೦ ಲಕ್ಷ ರೂಪಾಯಿವರೆಗೆ ನೆರವೆಂದು ೨೦೨೨ರಲ್ಲಿ ನಿಗದಿಯಾಯಿತು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಡನೆ ಈ ನೀತಿಯ ಒಂದು ಉತ್ಕೃಷ್ಟತಾ ಕೇಂದ್ರವಾಗಿದೆ. ಆದರೆ ಮದ್ದೇ ಹುಟ್ಟದ ರೋಗಕ್ಕೆ ಮದ್ದಿನ ಹಣದಿಂದ ಏನು ಪ್ರಯೋಜನ?

ನಮ್ಮ ಟ್ರಸ್ಟುಗಳು ಆಸ್ಪತ್ರೆಗಳಿಗೆ ಹಾಸಿಗೆ, ಆಂಬುಲೆನ್ಸ್ ಕೊಡುತ್ತಿವೆ. ಅದು ಕಣ್ಣಿಗೆ ಕಾಣುವ ದಾನ, ಹೆಸರು ಬರೆಸುವುದಕ್ಕೂ ಅನುಕೂಲ. ಇಂತಹ ಒಂದು ರೋಗವನ್ನು ಅಭ್ಯಸಿಸುವ ಯುವ ಸಂಶೋಧಕನಿಗೆ ಐದು ವರ್ಷಗಳ ವೇತನವನ್ನು ಕೊಟ್ಟರೆ ಶಾಸ್ತ್ರದಾನ, ಔಷಧದಾನಗಳೆರಡೂ ಒಂದೇ ಕೈಯಿಂದ ನಡೆದಂತಾಗುತ್ತದೆ. ಮುಂದಿನ ವಾರ್ಷಿಕ ಸಭೆಗಳಲ್ಲಿ ಈ ವಿಷಯವನ್ನು ಮಂಡಿಸಬೇಕೆಂದು ವಾಚಕರಲ್ಲಿ ನನ್ನ ವಿನಂತಿ.