ಬ್ರಿಡ್ಜ್: ಎದುರಾಳಿ ಹರಾಜು ಆರಂಭಿಸಿದ ಮೇಲೆ

ಕಾಂಟ್ರಾಕ್ಟ್ ಬ್ರಿಡ್ಜ್ ಆಟದ ಮೊದಲ ಹಂತ ಹರಾಜು. ಎದುರಾಳಿಯು ಅದನ್ನು ಆರಂಭಿಸಿದ ಬಳಿಕ ನಮ್ಮ ಕೂಗಿಗೆ ಮೂರು ಉದ್ದೇಶಗಳಿರುತ್ತವೆ: ಒಪ್ಪಂದವನ್ನು ನಾವೇ ಪಡೆಯುವುದು, ಎದುರಾಳಿಗಳ ಸಂವಾದಕ್ಕೆ ಅಡ್ಡಿಯೊಡ್ಡುವುದು, ಮೊದಲು ಯಾವ ಜಾತಿಯ ಎಲೆ ಇಳಿಸಬೇಕೆಂದು ಜೊತೆಗಾರರಿಗೆ ಸೂಚಿಸುವುದು.

ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1ರಂತೆ ಅಂಕ ಎಣಿಸುವುದು ರೂಢಿ. ಆದರೆ ಇಲ್ಲಿ ಅಂಕಗಳು ಎಷ್ಟಿವೆ ಎಂಬುದರಷ್ಟೇ ಎಲ್ಲಿವೆ ಎಂಬುದೂ ಮುಖ್ಯ. ಎದುರಾಳಿ 1 ಡೈಮಂಡ್ ಕೂಗಿದಾಗ, ಎಕ್ಕ, ರಾಜ, ಗುಲಾಮರನ್ನೊಳಗೊಂಡ ಐದು ಸ್ಪೇಡ್‌ಗಳಿದ್ದರೆ 8 ಅಂಕಗಳಲ್ಲಿಯೂ 1 ಸ್ಪೇಡ್ ಕೂಗಬಹುದು. ಅವೇ 8 ಅಂಕಗಳು ನಾಲ್ಕು ಜಾತಿಗಳಲ್ಲಿ ಚದುರಿದ್ದರೆ ಪಾಸ್ ಎನ್ನುವುದೇ ಲೇಸು. ಎರಡನೆಯ ಮಟ್ಟದಲ್ಲಿ ಕೂಗಲು ಇನ್ನೂ ಬಲವಾದ ಕೈ ಬೇಕು.

ಎದುರಾಳಿಯ ಜಾತಿಯಲ್ಲಿ ಎಲೆಗಳು ಕಡಿಮೆಯಿದ್ದು, ಉಳಿದ ಮೂರರಲ್ಲಿ ಕನಿಷ್ಠ ಮೂರು ಮೂರು ಎಲೆಗಳೂ ಒಟ್ಟು ಸುಮಾರು 12 ಅಂಕಗಳೂ ಇದ್ದರೆ ಡಬಲ್ ಎನ್ನಬಹುದು. ಇದು ದಂಡ ವಿಧಿಸುವ ಡಬಲ್ ಅಲ್ಲ. ತಮ್ಮ ಉತ್ತಮ ಜಾತಿಯನ್ನು ತಿಳಿಸುವಂತೆ ಜೊತೆಗಾರರಿಗೆ ಮಾಡುವ ಕೋರಿಕೆ. 15ರಿಂದ 18 ಅಂಕಗಳ ಸಮತೋಲದ ಕೈಯಿದ್ದು, ಎದುರಾಳಿಯ ಜಾತಿಯನ್ನು ತಡೆಯಬಲ್ಲ ಎಲೆಯೂ ಇದ್ದರೆ 1 ನೋ ಟ್ರಂಪ್ ಸೂಕ್ತ.

ವಲ್ನರಬಲ್ ಸ್ಥಿತಿಯನ್ನೂ ಗಮನಿಸಬೇಕು. ಡಬಲ್ ಆದ ಒಪ್ಪಂದದಲ್ಲಿ ಮೂರು ಟ್ರಿಕ್ ಕಡಿಮೆಯಾದರೆ ವಲ್ನರಬಲ್ ಅಲ್ಲದವರ ನಷ್ಟ 500, ವಲ್ನರಬಲ್ ಆದವರ ನಷ್ಟ 800. ವಲ್ನರಬಲ್ ಎದುರಾಳಿಗಳು 4 ಹಾರ್ಟ್ ಪೂರೈಸಿದರೆ ಅವರಿಗೆ 620. ಅದನ್ನು ತಪ್ಪಿಸಲು 500 ಕೊಡುವುದು ಲಾಭದ ತ್ಯಾಗ. 800 ಕೊಡುವುದು ನಷ್ಟ.